ಫೈಲ್ ಕಳ್ಸೋದು ಸುಲಭ, ಕೀ ತಲುಪ್ಸೋದು ಹೆಂಗೆ? ಜಿಪ್, ವಾಟ್ಸಾಪ್, ಸಿಗ್ನಲ್, ವರ್ಮ್‌ಹೋಲ್, ಪಿಜಿಪಿ: ಯಾರಿಗೆ ಯಾವುದು

ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರ್ತಾನೇ ಇರತ್ತೆ. ಊರಲ್ಲಿರೋ ಅಪ್ಪ ಸೈಟಿನ ಕ್ರಯಪತ್ರ ಸ್ಕ್ಯಾನ್ ಮಾಡಿ ಡಲ್ಲಾಸಲ್ಲಿರೋ ಮಗಳಿಗೆ ಕಳಿಸ್ಬೇಕು, ವಾಟ್ಸಾಪ್ ಸಾಕಾ? ಆಡಿಟರು ಮೂರು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ಮೇಲ್ ಮಾಡಿ ಅಂತಾರೆ, ಹಂಗೇ ಕಳ್ಸೋದಾ ಇಲ್ಲ ಪಾಸ್‌ವರ್ಡ್ ಹಾಕೋದಾ? ಆಫೀಸಿನ ಸರ್ವರ್ ಪಾಸ್‌ವರ್ಡ್‌ನ ಹೊಸ ಹುಡುಗನಿಗೆ ಹೆಂಗೆ ಕೊಡೋದು? ಮೂರೂ ಒಂದೇ ಪ್ರಶ್ನೆ ಕಣ್ರೀ. ಮಧ್ಯದ ದಾರಿ ಎಲ್ಲರಿಗೂ ತೆರೆದಿದೆ, ಇಂಟರ್ನೆಟ್ ಕಂಪನಿ, ಮೇಲ್ ಕಂಪನಿ, ಕೆಫೆಯ ವೈಫೈ ಇಟ್ಟಿರೋನು, ಯಾರ್ ಬೇಕಾದ್ರೂ ಇಣುಕಬಹುದಾದ ದಾರಿಲಿ ಇಬ್ಬರಿಗೆ ಮಾತ್ರ ಅರ್ಥ ಆಗೋ ಥರ ಏನೋ ಒಂದನ್ನ ದಾಟಿಸ್ಬೇಕು.

ಆರಿಸೋಕೆ ಮುಂಚೆ ಒಂದು ಮಾತು. ಎಲ್ಲಾ ಆಪ್‌ಗಳೂ "ಮಿಲಿಟರಿ ಗ್ರೇಡ್ ಎನ್‌ಕ್ರಿಪ್ಶನ್" ಅಂತ ಬೋರ್ಡ್ ಹಾಕ್ಕೊಂಡಿರತ್ವೆ (ಎನ್‌ಕ್ರಿಪ್ಶನ್ ಅಂದ್ರೆ ಕೀ ಅನ್ನೋ ಗುಟ್ಟಿನ ಸಂಖ್ಯೆ ಇಲ್ದೋರಿಗೆ ಓದಕ್ಕಾಗದ ಹಾಗೆ ಮುಚ್ಚೋದು), ಅದನ್ನ ನೋಡಿ ಆರಿಸ್ಬೇಡಿ, ಯಾಕಂದ್ರೆ ಆ ವಿಷಯದಲ್ಲಿ ಒಳ್ಳೇ ಟೂಲ್‌ಗಳೆಲ್ಲಾ ಹೆಚ್ಚುಕಮ್ಮಿ ಸಮ. ಬಹುಪಾಲು ಕಡೆ ಒಳಗಿರೋದು 2001ರಲ್ಲಿ ಅಮೆರಿಕದ ಸ್ಟ್ಯಾಂಡರ್ಡ್ ಸಂಸ್ಥೆ ನಿಸ್ಟ್ ಒಪ್ಪಿದ ಎಇಎಸ್ ಅನ್ನೋ ವಿಧಾನ, ಬೆಲ್ಜಿಯಂನ ಇಬ್ಬರು ಕೂತು ಮಾಡಿದ್ದು, ವಿಧಾನ ಪೂರ್ತಿ ಬಹಿರಂಗ, ಕೋಡ್ ಯಾರ್ ಬೇಕಾದ್ರೂ ಓದ್ಬಹುದು. ಗುಟ್ಟಾಗಿರೋದು ಕೀ ಒಂದೇ. ಎರಡೂ ಕಡೆ ಅದೇ ಕೀ ಇದ್ರೆ ಈ ಕಡೆ ಮುಚ್ಚಿದ್ದು ಆ ಕಡೆ ತೆರೆಯತ್ತೆ, ಕೀ ಇಲ್ಲದವನ ಕಣ್ಣಿಗೆ ಬರೀ ಕಸ. ಹಿಂದಿನ ಸ್ಟ್ಯಾಂಡರ್ಡ್ ಡೆಸ್‌ಗೆ 56 ಬಿಟ್ ಕೀ (56 ಸೊನ್ನೆ-ಒಂದುಗಳ ಸಾಲು) ಇತ್ತು, 1998ರಲ್ಲಿ ಅಮೆರಿಕದ ಡಿಜಿಟಲ್ ಹಕ್ಕುಗಳ ಸಂಸ್ಥೆ ಇಎಫ್ಎಫ್ ಅದಕ್ಕೇ ಅಂತ ಒಂದು ಮೆಷಿನ್ ಕಟ್ಟಿ 56 ಗಂಟೆಲಿ ಕೀ ಹುಡುಕಿ ತೋರಿಸ್ತು. ಈಗಿನ 128 ಇಲ್ಲಾ 256 ಬಿಟ್ ಕೀನ ಹಂಗೆ ಒಂದೊಂದೇ ಹಾಕಿ ನೋಡ್ತಾ ಕೂತ್ರೆ ಯಾರ ಆಯಸ್ಸೂ ಸಾಲಲ್ಲ.

ಅಂದ್ರೆ ಒಡೆಯೋನು ಎನ್‌ಕ್ರಿಪ್ಶನ್‌ಗೆ ಕೈ ಹಾಕಲ್ಲ. ಆ ಕೀ ನಿಮ್ಮಿಂದ ಅವರಿಗೆ ಹೋದ ದಾರಿಗೆ ಕೈ ಹಾಕ್ತಾನೆ. ಆದ್ರಿಂದ ಈ ಹೋಲಿಕೆಯೆಲ್ಲಾ ಕೀ ಬಗ್ಗೆ, ಫೈಲ್ ಬಗ್ಗೆ ಅಲ್ಲ.

ಯಾವ ಪ್ರಶ್ನೆ ಇಟ್ಕೊಂಡು ನೋಡ್ಬೇಕು

ಮೊದಲನೇದು, ಕೀ ಯಾವ ದಾರಿಲಿ ಹೋಗತ್ತೆ, ಫೈಲ್ ಹೋದ ದಾರಿಲೇನಾ ಬೇರೆನಾ, ಅಥವಾ ಕೀ ಹೋಗೋದೇ ಇಲ್ವಾ (ಹೌದು, ಅದೂ ಸಾಧ್ಯ, ಕೆಳಗೆ ಹೇಳ್ತೀನಿ). ಎರಡನೇದು, ಕದ್ದೋನು ಮನೇಲಿ ಕೂತು ಎಷ್ಟು ಬೇಕಾದ್ರೂ ಪಾಸ್‌ವರ್ಡ್ ಊಹೆ ಮಾಡ್ಬಹುದಾ ಅಥವಾ ಒಂದು ಸಲ ತಪ್ಪಾದ್ರೆ ಆಟ ಮುಗೀತಾ, ಇದು ಬಹಳ ದೊಡ್ಡ ವ್ಯತ್ಯಾಸ, ಆದ್ರೆ ಯಾರೂ ಕೇಳಲ್ಲ. ಮೂರನೇದು, ಆ ಕಡೆ ಇರೋದು ನೀವು ಅಂದ್ಕೊಂಡಿರೋ ಮನುಷ್ಯನೇನಾ ಅನ್ನೋದು ಹೆಂಗೆ ಗೊತ್ತಾಗತ್ತೆ. ನಾಲ್ಕನೇದು, ಇವತ್ತು ಎಲ್ಲಾ ಸರಿ, ಎರಡು ವರ್ಷ ಆದ್ಮೇಲೆ ಫೋನೋ ಕೀನೋ ಕಳುವಾದ್ರೆ ಹಳೇದೆಲ್ಲಾ ಬಯಲಾಗತ್ತಾ.

ಇದೆಲ್ಲಕ್ಕಿಂತ ಮೇಲೆ ಇನ್ನೊಂದಿದೆ: ಎದುರಿಗಿರೋರ ಕೈಲಿ ಆಗತ್ತಾ. 2012ರ ಕೊನೇಲಿ, ಅಮೆರಿಕದ ಗೂಢಚರ್ಯೆಯ ಗುಟ್ಟುಗಳನ್ನ ಆಮೇಲೆ ಹೊರಗೆ ಹಾಕಿದ ಎಡ್ವರ್ಡ್ ಸ್ನೋಡೆನ್, ಪತ್ರಕರ್ತ ಗ್ಲೆನ್ ಗ್ರೀನ್‌ವಾಲ್ಡ್‌ಗೆ ಹೆಸರು ಹೇಳ್ದೆ ಮೇಲ್ ಹಾಕಿ ಪಿಜಿಪಿ (ಮೇಲ್ ಎನ್‌ಕ್ರಿಪ್ಟ್ ಮಾಡೋ ಟೂಲು) ಹಾಕ್ಕೊಳ್ಳಿ ಅಂತ ಕೇಳ್ಕೊಂಡ್ರು, ಗ್ರೀನ್‌ವಾಲ್ಡ್ ಅದನ್ನ ಮಾಡ್ದೆ ಮುಂದಕ್ಕೆ ಹಾಕ್ತಾ ಹೋದ್ರು, ಕೊನೆಗೆ ಸ್ನೋಡೆನ್ ಡಾಕ್ಯುಮೆಂಟರಿ ಮಾಡೋ ಲಾರಾ ಪೊಯ್ಟ್ರಸ್ ಅವ್ರನ್ನ ಹಿಡಿದ್ರು. ಅಷ್ಟು ದೊಡ್ಡ ಸುದ್ದಿಗೇ ಹಿಂಗಾದ್ರೆ ನಿಮ್ಮ ಆಡಿಟರ ಜಿಎಸ್‌ಟಿ ಸೀಸನ್‌ನಲ್ಲಿ ಏನಾಗತ್ತೆ ನೀವೇ ಯೋಚ್ನೆ ಮಾಡಿ.

ದುಡ್ಡಿನ ಬಜೆಟ್ ಇಲ್ಲಿ ದೊಡ್ಡ ಪ್ರಶ್ನೆ ಅಲ್ಲ, ಕೆಳಗಿನವೆಲ್ಲಾ ಫ್ರೀ. ಖರ್ಚಾಗೋದು ಟೈಮು, ಮತ್ತೆ ಇನ್ನೊಬ್ಬರ ತಾಳ್ಮೆ.

ಪಾಸ್‌ವರ್ಡ್ ಹಾಕಿದ ಜಿಪ್ ಅಥವಾ ಪಿಡಿಎಫ್

ಎಲ್ಲರಿಗೂ ಗೊತ್ತಿರೋದು ಇದು, ಎಲ್ಲರೂ ಕೆಡಿಸೋದೂ ಇದನ್ನೇ. ನೀವು ಹಾಕಿದ ಪಾಸ್‌ವರ್ಡಿಂದ ಕೀ ತಯಾರಾಗತ್ತೆ, ಅದೇ ಪಾಸ್‌ವರ್ಡ್ ಆ ಕಡೆಯವ್ರಿಗೂ ಗೊತ್ತಿರ್ಬೇಕು, ಅಂದ್ರೆ ಗುಟ್ಟನ್ನ ಕಳಿಸೋಕೆ ಮುಂಚೆ ಇನ್ನೊಂದು ಗುಟ್ಟನ್ನ ಕಳಿಸ್ಬೇಕು. ಆಫೀಸುಗಳಲ್ಲಿ ಒಂದು ಮೇಲ್‌ನಲ್ಲಿ ಜಿಪ್ಪು, ಎರಡು ನಿಮಿಷ ಬಿಟ್ಟು ಇನ್ನೊಂದು ಮೇಲ್‌ನಲ್ಲಿ "ಪಾಸ್‌ವರ್ಡ್ ಹೀಗಿದೆ" ಅಂತ. ಇನ್‌ಬಾಕ್ಸ್ ಒಳಗೆ ನುಗ್ಗಿದವನಿಗೆ ಎರಡೂ ಅಕ್ಕಪಕ್ಕ ಸಿಗತ್ತೆ, ಬೀಗ ಹಾಕಿ ಬೀಗದ ಕೈನ ಅದೇ ಚಿಲಕಕ್ಕೆ ನೇತು ಹಾಕಿದಂಗೆ. ಜಪಾನಿನ ಕಂಪನಿಗಳಲ್ಲಿ ಸರ್ಕಾರಿ ಆಫೀಸುಗಳಲ್ಲಿ ಇದು ಒಂದು ಶಾಸ್ತ್ರದ ಥರಾನೇ ನಡೀತಿತ್ತು, 2020ರ ನವೆಂಬರ್‌ನಲ್ಲಿ ಅಲ್ಲಿನ ಡಿಜಿಟಲ್ ಸಚಿವ ಹಿರಾಯ್ ತಕುಯಾ ಇದನ್ನ ಕೈ ಬಿಡ್ತೀವಿ ಅಂತ ಹೇಳ್ಬೇಕಾಯ್ತು. ಒಳಗೆ ವೈರಸ್ ಇದ್ರೂ ಮೇಲ್ ಸ್ಕ್ಯಾನರ್‌ಗೆ ಕಾಣಲ್ಲ ಅನ್ನೋದು ಇನ್ನೊಂದು ತಲೆನೋವು.

ಇನ್ನು ಪಾಸ್‌ವರ್ಡ್ ಹೆಂಗಿರತ್ತೆ ನೋಡಿ. ಇ-ಆಧಾರ್ ಪಿಡಿಎಫ್ ನಮ್ಮೆಲ್ಲರ ಹತ್ರ ಇದೆ, ಅದ್ರ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಕ್ಯಾಪಿಟಲ್‌ನಲ್ಲಿ, ಮುಂದೆ ಹುಟ್ಟಿದ ವರ್ಷ. ನೋಡೋಕೆ ಎಂಟಕ್ಷರ, ಗಟ್ಟಿ ಅನ್ಸತ್ತೆ. ಆದ್ರೆ ಫೈಲ್ ಕದ್ದವನಿಗೆ ನಿಮ್ಮ ಹೆಸರು ಗೊತ್ತಿದ್ರೆ, ಫೈಲ್ ಹೆಸರಲ್ಲೇ ಬರ್ದಿರ್ತೀರಲ್ಲಾ, ಉಳಿಯೋದು ಹುಟ್ಟಿದ ವರ್ಷ, ಹೆಚ್ಚಂದ್ರೆ ಒಂದು ನೂರು ಸಾಧ್ಯತೆ, ಅದನ್ನ ಕೈಯಲ್ಲೇ ಟೈಪ್ ಮಾಡಿ ಸಂಜೆಯೊಳಗೆ ತೆರೀಬಹುದು. ಹುಟ್ಟಿದ ದಿನ ತಿಂಗಳು ವರ್ಷ ಹಾಕೋ ಸ್ಟೇಟ್‌ಮೆಂಟ್‌ಗಳೂ ಅಷ್ಟೇ, ನೂರು ವರ್ಷ ಹಿಡಿದ್ರೂ 36,500 ಚಿಲ್ಲರೆ, ಕಂಪ್ಯೂಟರಿಗೆ ಅದು ಲೆಕ್ಕಕ್ಕೇ ಇಲ್ಲ. ಇದು ಅಕ್ಕಪಕ್ಕದವರ ಕಣ್ಣಿಗೆ ಬೀಳದೇ ಇರ್ಲಿ ಅನ್ನೋಕೆ ಸರಿ. ಇದನ್ನ ನಂಬ್ಕೊಂಡು ಗ್ರೂಪಲ್ಲಿ ಹಾಕೋಕೆ ಅಲ್ಲ.

ಯಾಕಂದ್ರೆ ಇಲ್ಲಿ ಫೈಲ್ ಅವನ ಕೈಲಿದೆ, ಊಹೆ ಮಾಡೋಕೆ ಮಿತಿ ಇಲ್ಲ, ಮೂರು ಸಲ ತಪ್ಪಾದ್ರೆ ಲಾಕ್ ಅನ್ನೋರು ಯಾರೂ ಇಲ್ಲ. ಹಂಗಾಗಿ ಪಾಸ್‌ವರ್ಡೇ ಉದ್ದ ಇರ್ಬೇಕು. ಒಳ್ಳೇ ಉಪಾಯ ದಾಳದ್ದು: ದಾಳ ಐದು ಸಲ ಎಸೆದ್ರೆ 7,776 ಪದಗಳ ಪಟ್ಟಿಲಿ ಒಂದು ಪದ ಸಿಗತ್ತೆ, ಹಂಗೆ ಆರು ಪದ ಸೇರಿಸಿದ್ರೆ ಸುಮಾರು 77 ಬಿಟ್, ಸಾಕು. ನಿಮ್ಮ ಮನಸ್ಸಿಗೆ ಹೊಳೆದ ಆರು ಪದ ಅಲ್ಲ, ದಾಳ ಹೇಳಿದ ಆರು. ಕನ್ನಡ ಪದಗಳನ್ನ ಇಂಗ್ಲಿಷ್ ಅಕ್ಷರದಲ್ಲಿ ಹಾಕ್ತೀನಿ ಅನ್ನೋರು ಇದಾರೆ, ಹಾಕಿ, ಆದ್ರೆ ಫೋನಲ್ಲಿ ಹೇಳ್ವಾಗ "ಹುಣಸೆ"ಲಿ ಮಧ್ಯ ಎ ಇದ್ಯಾ ಇಲ್ವಾ ಅಂತ ಹತ್ತು ನಿಮಿಷ ಜಗಳ ಆಗತ್ತೆ.

7-ಜಿಪ್ ಬಳಸೋರು ಒಂದು ಗಮನಿಸಿ. ಫಾರ್ಮ್ಯಾಟ್ ಜಿಪ್ ಅಂತ ಆರಿಸಿದ್ರೆ ಎನ್‌ಕ್ರಿಪ್ಶನ್ ಜಾಗದಲ್ಲಿ ಹಳೇ ಜಿಪ್‌ಕ್ರಿಪ್ಟೋ ಬಂದು ಕೂತಿರತ್ತೆ, ಅದನ್ನ ಹೆಂಗೆ ಒಡೆಯೋದು ಅಂತ 1994ರಲ್ಲೇ ಬಿಹಾಮ್ ಮತ್ತೆ ಕೋಚರ್ ತೋರಿಸಿದ್ದಾರೆ. ಎಇಎಸ್-256 ಅಂತ ಬದಲಾಯಿಸಿ, ಇಲ್ಲಾ 7ಝಡ್ ಫಾರ್ಮ್ಯಾಟೇ ಆರಿಸಿ "ಫೈಲ್ ನೇಮ್ಸ್ ಎನ್‌ಕ್ರಿಪ್ಟ್" ಟಿಕ್ ಮಾಡಿ. ಬರೀ ಜಿಪ್‌ನಲ್ಲಿ ಒಳಗಿನ ಫೈಲ್‌ಗಳ ಹೆಸರು ಪಾಸ್‌ವರ್ಡ್ ಇಲ್ದೇನೂ ಕಾಣತ್ತೆ, "ಡಿವೋರ್ಸ್ ಪೇಪರ್ ಫೈನಲ್" ಅಂತ ಹೆಸರಿದ್ರೆ ಒಳಗಿರೋದು ಓದೋದೇ ಬೇಡ.

ಪಾಸ್‌ವರ್ಡ್ ಹೇಳೋದು ಹೆಂಗೆ? ಫೈಲ್ ಮೇಲ್‌ನಲ್ಲಿ ಹೋಗಿದ್ರೆ ಪಾಸ್‌ವರ್ಡ್ ಫೋನ್ ಮಾಡಿ ಬಾಯಲ್ಲಿ ಹೇಳಿ. ಎಸ್ಸೆಮ್ಮೆಸ್ ಬೇಡ, ಅದು ಎನ್‌ಕ್ರಿಪ್ಟ್ ಆಗಿರಲ್ಲ, ಮೇಲಾಗಿ ಫೋನಲ್ಲಿ ವರ್ಷಗಟ್ಟಲೆ ಕೂತಿರತ್ತೆ. ಎದುರು ಸಿಕ್ಕಾಗ ಚೀಟಿಲಿ ಬರೆದು ಕೊಟ್ರೆ ಇನ್ನೂ ಒಳ್ಳೇದು, ಆಡಿಟರ ಹತ್ರ ವರ್ಷಕ್ಕೊಂದ್ಸಲ ಹೋಗೇ ಹೋಗ್ತೀರ, ಒಂದು ಪಾಸ್‌ವರ್ಡ್ ಮಾತಾಡಿಕೊಂಡ್ರೆ ಆ ವರ್ಷ ಪೂರ್ತಿ ನಡೆಯತ್ತೆ. ಒಬ್ಬರಿಗೊಂದು ಅನ್ನೋದು ಮಾತ್ರ ಮರೀಬೇಡಿ. ಐದು ಜನ ಪಾರ್ಟ್‌ನರ್‌ಗಳು ಒಬ್ಬರಿಗೊಬ್ಬರು ಬೇರೆ ಬೇರೆ ಕೀ ಇಟ್ಕೊಂಡ್ರೆ ಹತ್ತು ಕೀ, ಹತ್ತು ಜನ ಆದ್ರೆ 45. ಅಲ್ಲಿಗೆ ಈ ದಾರಿ ಕೈ ಕೊಡತ್ತೆ.

ವಾಟ್ಸಾಪ್, ಸಿಗ್ನಲ್: ಕೀ ಕಳಿಸ್ದೇನೇ ಕೀ ಇಬ್ಬರ ಹತ್ರಾನೂ

ಇಲ್ಲಿ ಸ್ವಲ್ಪ ನಿಲ್ತೀನಿ, ಯಾಕಂದ್ರೆ ಇದು ನಿಜವಾಗ್ಲೂ ಚೆಂದ. 1976ರಲ್ಲಿ ವಿಟ್‌ಫೀಲ್ಡ್ ಡಿಫಿ, ಮಾರ್ಟಿನ್ ಹೆಲ್ಮನ್ ಒಂದು ವಿಧಾನ ಪ್ರಕಟಿಸಿದ್ರು, ಇಬ್ಬರು ಎಲ್ಲರೆದುರೇ ಮಾತಾಡಿಕೊಂಡು ಕೊನೆಗೆ ಅವರಿಬ್ಬರಿಗೆ ಮಾತ್ರ ಗೊತ್ತಿರೋ ಒಂದು ಸಂಖ್ಯೆಗೆ ಬಂದು ನಿಲ್ಬಹುದು ಅಂತ. (ಬ್ರಿಟನ್ನಿನ ಜಿಸಿಎಚ್‌ಕ್ಯೂ ಒಳಗೆ ಮಾಲ್ಕಮ್ ವಿಲಿಯಮ್ಸನ್ 1974ರಲ್ಲೇ ಇದನ್ನ ಕಂಡಿದ್ರು, ಅದು ಹೊರಗೆ ಬಂದಿದ್ದು 1997ರಲ್ಲಿ. ಗುಟ್ಟಿನ ಇಲಾಖೆಲಿ ಕೆಲಸ ಮಾಡಿದ್ರೆ ಇದೇ ಕಷ್ಟ.)

ಸಣ್ಣ ಸಂಖ್ಯೆಲಿ ಮಾಡಿ ನೋಡೋಣ. 17 ಮತ್ತೆ 3, ಇವೆರಡನ್ನ ಊರಿಗೆಲ್ಲಾ ಹೇಳಿಬಿಡಿ. ಮಗಳು ಮನಸ್ಸಲ್ಲಿ 5 ಇಟ್ಕೊಂಡ್ಲು, ಐದು ಮೂರುಗಳನ್ನ ಗುಣಿಸಿದ್ರೆ 243, ಅದನ್ನ 17ರಿಂದ ಭಾಗಿಸಿದ್ರೆ ಶೇಷ 5 (ಮನಸ್ಸಲ್ಲಿದ್ದ 5ಕ್ಕೆ ಇದು ಹೊಂದಿದ್ದು ಬರೀ ಕಾಕತಾಳೀಯ), ಅದನ್ನ ಅಪ್ಪನಿಗೆ ಎಲ್ಲರೆದುರೇ ಹೇಳಿದ್ಲು. ಅಪ್ಪ ಮನಸ್ಸಲ್ಲಿ 7 ಇಟ್ಕೊಂಡ್ರು, ಏಳು ಮೂರುಗಳ ಗುಣಲಬ್ಧ 2187, ಶೇಷ 11, ಅದನ್ನ ಮಗಳಿಗೆ ಹೇಳಿದ್ರು. ಈಗ ಮಗಳು ಬಂದ 11ನ್ನ ಐದು ಸಲ ಗುಣಿಸಿ 17ರಿಂದ ಭಾಗಿಸ್ತಾಳೆ, 161051ರ ಶೇಷ 10. ಅಪ್ಪ ಬಂದ 5ನ್ನ ಏಳು ಸಲ ಗುಣಿಸ್ತಾರೆ, 78125, ಶೇಷ ಮತ್ತೆ 10. ಹತ್ತು ಅನ್ನೋದು ದಾರಿಲಿ ಎಲ್ಲೂ ಹೋಗ್ಲೇ ಇಲ್ಲ, ಮಧ್ಯ ಕೇಳಿಸ್ಕೊಂಡವನಿಗೆ 17, 3, 5, 11 ಇಷ್ಟೇ ಸಿಕ್ಕಿದ್ದು. ಈ ಪುಟಾಣಿ ಸಂಖ್ಯೆಲಿ ಅವನು ಹಿಂದಕ್ಕೆ ಲೆಕ್ಕ ಹಾಕಿ ಹಿಡೀಬಹುದು, 17ರ ಜಾಗದಲ್ಲಿ 617 ಅಂಕಿಯ ಅವಿಭಾಜ್ಯ ಸಂಖ್ಯೆ ಇದ್ರೆ ಆಗಲ್ಲ. ಈಗಿನ ಆಪ್‌ಗಳು ಇದೇ ಉಪಾಯನ ಎಲಿಪ್ಟಿಕ್ ಕರ್ವ್ ಅನ್ನೋ ಬೇರೆ ಥರದ ಗಣಿತದ ಮೇಲೆ ಮಾಡತ್ವೆ.

ಸಿಗ್ನಲ್ ಇದ್ರ ಮೇಲೆ ಇನ್ನೊಂದು ಸೇರಿಸ್ತು, ಮೆಸೇಜ್‌ನಿಂದ ಮೆಸೇಜ್‌ಗೆ ಕೀ ಬದಲಾಗತ್ತೆ, ಹಳೇ ಕೀನ ಅಳಿಸಿಬಿಡತ್ತೆ. ಇವತ್ತಿನ ಕೀ ಸಿಕ್ಕಿದ್ರೂ, ದಾರಿಲಿ ರೆಕಾರ್ಡ್ ಮಾಡಿಟ್ಟುಕೊಂಡ ಹಳೇ ಮೆಸೇಜ್ ತೆರೆಯೋಕೆ ಆಗಲ್ಲ. ವಾಟ್ಸಾಪ್ ಕೂಡ ಇದೇ ಪ್ರೋಟೋಕಾಲ್, 2016ರ ಏಪ್ರಿಲ್‌ನಿಂದ ಎಲ್ಲರಿಗೂ. ಹಾಗಾಗಿ "ವಾಟ್ಸಾಪ್ ಕಂಪನಿ ನಮ್ಮ ಕ್ರಯಪತ್ರ ಓದತ್ತಾ" ಅನ್ನೋದಕ್ಕೆ ಉತ್ತರ, ಮೆಸೇಜ್ ಒಳಗಿರೋದು ಓದಕ್ಕಾಗಲ್ಲ. ಯಾರು ಯಾರಿಗೆ ಯಾವಾಗ ಕಳಿಸಿದ್ರು ಅನ್ನೋದು ಗೊತ್ತಿರತ್ತೆ, ಸಿಗ್ನಲ್ ಅದನ್ನೂ ಆದಷ್ಟು ಇಟ್ಕೊಳಲ್ಲ.

ತೂತು ಇರೋದು ಎರಡು ಕಡೆ. ಒಂದು ಬ್ಯಾಕಪ್. ವಾಟ್ಸಾಪ್ ಚಾಟ್ ಗೂಗಲ್ ಡ್ರೈವ್‌ಗೆ ಹೋಗ್ತಿದ್ರೆ, ಎಂಡ್-ಟು-ಎಂಡ್ ಬ್ಯಾಕಪ್ (ನಿಮಗೆ ಮಾತ್ರ ತೆರೆಯೋಕೆ ಆಗೋ ಥರ ಮುಚ್ಚಿದ್ದು) ನೀವೇ ಆನ್ ಮಾಡಿಲ್ಲ ಅಂದ್ರೆ, ಅಲ್ಲಿ ಆ ರಕ್ಷಣೆ ಇಲ್ಲ. ಆಯ್ಕೆ 2021ರಿಂದ ಇದೆ, ಪಾಸ್‌ವರ್ಡ್ ಅಥವಾ 64 ಅಂಕಿಯ ಕೀ ಇಟ್ಕೋಬಹುದು, ಮರೆತ್ರೆ ಬ್ಯಾಕಪ್ ಹೋಯ್ತು ಅಂತಾನೇ ಲೆಕ್ಕ. ಇನ್ನೊಂದು, ಮೇಲಿನ ಲೆಕ್ಕದಲ್ಲಿ 11 ಕಳಿಸಿದ್ದು ಅಪ್ಪನೇ ಅಂತ ಯಾರು ಹೇಳಿದ್ರು? ಮಧ್ಯ ಕೂತವನು ಆ ಕಡೆ ಅಪ್ಪನಾಗಿ ಈ ಕಡೆ ಮಗಳಾಗಿ ಇಬ್ಬರ ಹತ್ರಾನೂ ಬೇರೆ ಬೇರೆ ಕೀ ಮಾಡ್ಕೊಂಡ್ರೆ ಗಣಿತ ಏನೂ ಮಾಡಕ್ಕಾಗಲ್ಲ. ಅದಕ್ಕೇ ಇರೋದು ಆ 60 ಅಂಕಿಯ ನಂಬರು, ಕಾಂಟ್ಯಾಕ್ಟ್ ಹೆಸರಿನ ಮೇಲೆ ಒತ್ತಿ "ಎನ್‌ಕ್ರಿಪ್ಶನ್" ಅಂತ ಹೋದ್ರೆ ಐದೈದಾಗಿ ಹನ್ನೆರಡು ಗುಂಪು ಕಾಣತ್ತೆ, ಪಕ್ಕದಲ್ಲಿದ್ರೆ ಕ್ಯೂಆರ್ ಸ್ಕ್ಯಾನ್ ಮಾಡಿ. ದೂರ ಇದ್ರೆ ವಿಡಿಯೋ ಕಾಲ್ ಮಾಡಿ, "ಅಪ್ಪಾ, ನಾನು ಓದ್ತೀನಿ, ನಿಮ್ಮ ಫೋನಲ್ಲೂ ಅದೇ ಇದ್ಯಾ ನೋಡ್ತಾ ಹೋಗಿ", "ಇರಮ್ಮ ಕನ್ನಡಕ ತರ್ತೀನಿ", ಅಷ್ಟೇ ಕೆಲಸ. ಅವರು ಫೋನ್ ಬದಲಾಯಿಸಿದ್ರೆ ನಂಬರೂ ಬದಲಾಗತ್ತೆ, ಅದನ್ನ ತಿಳಿಸೋ ಸೆಕ್ಯೂರಿಟಿ ನೋಟಿಫಿಕೇಶನ್ ವಾಟ್ಸಾಪಲ್ಲಿ ನೀವೇ ಹೋಗಿ ಆನ್ ಮಾಡ್ಕೋಬೇಕು.

ಮನೆಯವ್ರ ಮಧ್ಯೆ ಆದ್ರೆ ನನ್ನ ಓಟು ಇದಕ್ಕೇ, ಎರಡನೇ ಯೋಚ್ನೆ ಬೇಡ. ಸಿಗ್ನಲ್ ಇದ್ರೆ ಸಿಗ್ನಲ್, ಇಲ್ಲ ಅಂದ್ರೆ ವಾಟ್ಸಾಪಲ್ಲೇ ಬ್ಯಾಕಪ್ ಸರಿ ಮಾಡ್ಕೊಂಡು. ಒಂದೇ ಒಂದು, ಡಾಕ್ಯುಮೆಂಟ್ ಅಂತ ಕಳಿಸಿ, ಫೋಟೋ ಅಂತ ಅಲ್ಲ, ಫೋಟೋ ಆದ್ರೆ ಗ್ಯಾಲರಿಗೆ ಹೋಗಿ ಕೂತು ಅಲ್ಲಿಂದ ಗೂಗಲ್ ಫೋಟೋಸ್‌ಗೆ ಹೋಗಿ ಮೊಮ್ಮಗನ ಬರ್ತ್‌ಡೇ ಪಕ್ಕ ಆಧಾರ್ ಕಾರ್ಡ್ ಇರತ್ತೆ.

ಮ್ಯಾಜಿಕ್ ವರ್ಮ್‌ಹೋಲ್

ಇದ್ರ ಹೆಸರು ಕೇಳಿರೋರು ಕಮ್ಮಿ. ಬ್ರಯಾನ್ ವಾರ್ನರ್ ಬರೆದಿದ್ದು. ಕಳಿಸೋನು ಫೈಲ್ ಹೆಸರು ಕೊಟ್ರೆ ಟೂಲ್ ಒಂದು ಕೋಡ್ ತೋರಿಸತ್ತೆ, ಒಂದು ನಂಬರು ಎರಡು ಇಂಗ್ಲಿಷ್ ಪದ, "7-ಕ್ರಾಸ್‌ಓವರ್-ಕ್ಲಾಕ್‌ವರ್ಕ್" ಈ ಥರ, ಅದನ್ನ ಫೋನಲ್ಲಿ ಓದಿ ಹೇಳಿ, ಆ ಕಡೆಯವ್ರು ಟೈಪ್ ಮಾಡಿದ್ರೆ ಫೈಲ್ ಹೋಗತ್ತೆ. ಪದಗಳು ಫೋನಲ್ಲಿ ಒಂದಕ್ಕೊಂದು ಗೊಂದಲ ಆಗ್ದಿರೋ ಪಟ್ಟಿಯಿಂದ ಬಂದಿರತ್ವೆ.

ಎರಡೇ ಪದ ಅಂದ್ರೆ 65,536 ಸಾಧ್ಯತೆ ಅಷ್ಟೇ, ಆಧಾರ್ ಪಿಡಿಎಫ್‌ಗೆ ಬೈದವನು ಇದನ್ನ ಹೆಂಗೆ ಒಪ್ಪಿದೆ ಅಂತ ಕೇಳ್ತೀರ. ವ್ಯತ್ಯಾಸ ಎರಡನೇ ಪ್ರಶ್ನೆಲಿದೆ. ಇಲ್ಲಿ ಆ ಸಣ್ಣ ಕೋಡಿಂದ ನೇರ ಕೀ ಮಾಡಲ್ಲ, ಡಿಫಿ-ಹೆಲ್ಮನ್ ಥರದ ಮಾತುಕತೆಗೆ ಅದನ್ನ ಬೆರೆಸಿ ದೊಡ್ಡ ಕೀ ಮಾಡತ್ತೆ, ಸ್ಪೇಕ್2 ಅಂತಾರೆ. ಮಧ್ಯದವನು ಕೇಳಿಸ್ಕೊಂಡಿದ್ದನ್ನ ಮನೆಗೆ ಒಯ್ದು ಊಹೆ ಮಾಡೋ ಹಂಗಿಲ್ಲ, ಆಗಲೇ ಒಂದು ಸಲ ಊಹಿಸ್ಬೇಕು, ತಪ್ಪಾದ್ರೆ ಕನೆಕ್ಷನ್ ಕಟ್, ನಿಮಗೂ ಗೊತ್ತಾಗತ್ತೆ. ವೈಫೈನಲ್ಲೂ ಇದೇ ಕಥೆ, ಡಬ್ಲ್ಯುಪಿಎ2 ಅನ್ನೋ ಹಳೇ ಸುರಕ್ಷತಾ ಪದ್ಧತಿಲಿ ಕನೆಕ್ಟ್ ಆಗೋ ಕ್ಷಣ ರೆಕಾರ್ಡ್ ಮಾಡ್ಕೊಂಡು ಹೋಗಿ ಮನೇಲಿ ಪಾಸ್‌ವರ್ಡ್ ಊಹಿಸ್ತಾ ಕೂರಬಹುದು, ಹೊಸ ಡಬ್ಲ್ಯುಪಿಎ3ನಲ್ಲಿ ಆಗಲ್ಲ. ಹೊಸ ರೂಟರ್ ತಗೊಳೋರು ಅದೊಂದನ್ನ ನೋಡಿ ತಗೊಳ್ಳಿ.

ತೊಂದ್ರೆ ಏನಂದ್ರೆ ಇಬ್ಬರೂ ಒಂದೇ ಹೊತ್ತಿಗೆ ಆನ್‌ಲೈನ್ ಇರ್ಬೇಕು, ಡಲ್ಲಾಸ್ ಮತ್ತೆ ದಾವಣಗೆರೆ ಮಧ್ಯೆ ಅದು ಯಾರಿಗೋ ಒಬ್ಬರಿಗೆ ನಿದ್ದೆಗೇಡು. ಮೂಲ ಟೂಲು ಕಮಾಂಡ್ ಲೈನ್, ಅಂದ್ರೆ ಬಟನ್ ಇಲ್ಲ, ಕಮಾಂಡ್ ಟೈಪ್ ಮಾಡಿ ನಡೆಸ್ಬೇಕು. ಆಫೀಸಿನ ಹೊಸ ಹುಡುಗನಿಗೆ ಸರ್ವರ್ ಕೀ ಕೊಡೋಕೆ, ದೊಡ್ಡ ಫೈಲ್ ಒಂದ್ಸಲ ದಾಟಿಸೋಕೆ ಇದನ್ನ ಮೀರಿಸಿದ್ದಿಲ್ಲ.

ಪಿಜಿಪಿ, ಏಜ್

ಪಿಜಿಪಿ 1991ರದ್ದು, ಫಿಲ್ ಝಿಮ್ಮರ್‌ಮನ್ ಬರೆದಿದ್ದು, ಅದಕ್ಕಾಗಿ ಅಮೆರಿಕ ಸರ್ಕಾರ ಅವ್ರ ಮೇಲೆ ವರ್ಷಗಟ್ಟಲೆ ತನಿಖೆ ನಡೆಸ್ತು. ಗೌರವ ಇದೆ. ಆದ್ರೆ ಹೊಸದಾಗಿ ಶುರು ಮಾಡೋರಿಗೆ ನಾನು ಹೇಳಲ್ಲ. ನಿಮ್ಮ ಪಬ್ಲಿಕ್ ಕೀ ಎಲ್ಲರಿಗೂ ಕೊಡ್ತೀರ, ಅದ್ರಿಂದ ಮುಚ್ಚಿದ್ದನ್ನ ನಿಮ್ಮ ಪ್ರೈವೇಟ್ ಕೀ ಮಾತ್ರ ತೆರೆಯತ್ತೆ, ಐದು ಜನ ಇದ್ರೆ ಐದು ಜೋಡಿ ಸಾಕು, ಹತ್ತಲ್ಲ, ಇದು ಲಾಭ. ಇಬ್ಬರೂ ಒಂದೇ ಹೊತ್ತಿಗೆ ಎದ್ದಿರೋದೂ ಬೇಡ. ಆದ್ರೆ ಅದೇ ಪ್ರೈವೇಟ್ ಕೀ ವರ್ಷಾನುಗಟ್ಟಲೆ ಇರತ್ತೆ, ಅದು ಕಳುವಾದ ದಿನ ಇಷ್ಟು ವರ್ಷದ ಇಮೇಲ್‌ಗಳೆಲ್ಲಾ ತೆರೆದುಕೊಳ್ಳತ್ವೆ. ಸಬ್ಜೆಕ್ಟ್ ಲೈನ್ ಸಾಮಾನ್ಯವಾಗಿ ಬಯಲಲ್ಲೇ ಹೋಗತ್ತೆ. ಮೇಲ್ ಆಪ್‌ಗಳ ಜೊತೆ ಸೇರಿದಾಗ ಎಂಥ ಎಡವಟ್ಟಾಗತ್ತೆ ಅಂತ 2018ರಲ್ಲಿ ಬಯಲಾದ ಇಫೇಲ್ ಅನ್ನೋ ದೋಷ ತೋರಿಸ್ತು.

ಬರೀ ಫೈಲ್ ಮುಚ್ಚೋದಾದ್ರೆ ಏಜ್ ನೋಡಿ, ಫಿಲಿಪ್ಪೊ ವಲ್ಸೋರ್ಡಾ ಮುಂದೆ ನಿಂತು ಮಾಡಿದ್ದು, ಆಯ್ಕೆಗಳೇ ಇಲ್ಲ ಅನ್ನೋಷ್ಟು ಕಮ್ಮಿ, ಕೀ ಒಂದೇ ಸಾಲು, ಇರೋ ಎಸ್‌ಎಸ್‌ಎಚ್ ಕೀ ಕೂಡ ನಡೆಯತ್ತೆ. ಪಾಸ್‌ವರ್ಡ್ ಹಾಕೋ ಮೋಡಲ್ಲಿ ನೀವು ಖಾಲಿ ಬಿಟ್ರೆ ಅದೇ ಹತ್ತು ಪದ ಹುಟ್ಟಿಸಿ ಕೊಡತ್ತೆ, ದಾಳದ ಕೆಲಸಾನೂ ಉಳೀತು. ಹಳೇ ಕೀ ಕಳುವಾದ್ರೆ ಹಳೇದೆಲ್ಲಾ ಹೋಯ್ತು ಅನ್ನೋದು ಇಲ್ಲೂ ಇದೆ. ಆದ್ರೆ ಬ್ಯಾಕಪ್‌ಗೆ ಅದೇ ಬೇಕಲ್ವಾ, ಹತ್ತು ವರ್ಷ ಆದ್ಮೇಲೂ ತೆರೆಯೋ ಕೀ. ಕೀನ ಪೇಪರ್ ಮೇಲೆ ಪ್ರಿಂಟ್ ಮಾಡಿ ಬೀರುಲಿಡಿ.

ಒಂದೇ ಸಲದ ಪ್ಯಾಡ್ ಬಗ್ಗೆ ಕೇಳಿದೋರಿಗೆ

ಒಂದು ಮೆಸೇಜಿಗೆ ಒಂದೇ ಸಲ ಬಳಸೋ ಕೀ ಇದು, ಯಾವತ್ತೂ ಒಡೆಯಕ್ಕಾಗದೇ ಇರೋದು ಇದೊಂದೇ ಅಂತೆ ಅಂತ ಕೇಳ್ತಾರೆ. ನಿಜ, ಕ್ಲಾಡ್ ಶಾನನ್ 1949ರಲ್ಲಿ ಗಣಿತದಲ್ಲೇ ತೋರಿಸಿದ್ದಾರೆ. ಆದ್ರೆ ಕೀ ಮೆಸೇಜಿನಷ್ಟೇ ಉದ್ದ ಇರ್ಬೇಕು, ಮುಂಚೆನೇ ಕೈಯಲ್ಲಿ ತಲುಪಿಸಿರ್ಬೇಕು, ಎರಡನೇ ಸಲ ಬಳಸ್ಬಾರ್ದು. ಎರಡನೇ ವಿಶ್ವಯುದ್ಧದ ಹೊತ್ತಲ್ಲಿ ಸೋವಿಯತ್ತಿನವ್ರು ಕೆಲವು ಕೀ ಹಾಳೆಗಳನ್ನ ಎರಡು ಸಲ ಛಾಪಿಸಿಬಿಟ್ರು, ಅಮೆರಿಕದವ್ರು ವೆನೋನಾ ಅನ್ನೋ ಹೆಸರಲ್ಲಿ 1980ರವರೆಗೂ ಕೂತು ಆ ಮೆಸೇಜ್‌ಗಳನ್ನ ಬಿಡಿಸಿದ್ರು, ಕ್ಲಾಸ್ ಫುಕ್ಸ್ ಥರದ ಗೂಢಚಾರರು ಸಿಕ್ಕಿದ್ದು ಹಾಗೆ. 10 ಎಂಬಿ ಕ್ರಯಪತ್ರಕ್ಕೆ 10 ಎಂಬಿ ಕೀನ ಪೆನ್ ಡ್ರೈವಲ್ಲಿ ಒಯ್ದು ಕೊಡ್ತೀನಿ ಅಂದ್ರೆ ಕ್ರಯಪತ್ರನೇ ಒಯ್ದು ಕೊಡಿ.

ಕ್ವಾಂಟಮ್ ಬಂದ್ರೆ?

ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಬಂದ್ರೆ ಡಿಫಿ-ಹೆಲ್ಮನ್ ಬೀಳತ್ತೆ, ಇದು 1994ರಿಂದ ಗೊತ್ತಿರೋದೇ, ಪೀಟರ್ ಶೋರ್ ತೋರಿಸಿದ್ರು. ಇವತ್ತು ರೆಕಾರ್ಡ್ ಮಾಡಿಟ್ಕೊಂಡು ಆಮೇಲೆ ತೆರೆಯೋ ಲೆಕ್ಕಾಚಾರದವ್ರು ಇದ್ದೇ ಇರ್ತಾರೆ. ಸಿಗ್ನಲ್ 2023ರ ಸೆಪ್ಟೆಂಬರ್‌ನಲ್ಲೇ ಮೊದಲ ಮಾತುಕತೆಗೆ ಹೊಸ ಥರದ ಗಣಿತ ಸೇರಿಸ್ಕೊಂಡಿದೆ, ನಿಸ್ಟ್ ಕೂಡ 2024ರಲ್ಲಿ ಸ್ಟ್ಯಾಂಡರ್ಡ್ ಹೊರಡಿಸ್ತು. ತಮಾಷೆ ಅಂದ್ರೆ ಬಾಯಲ್ಲಿ ಹೇಳಿದ ಉದ್ದದ ಪಾಸ್‌ವರ್ಡು, ಎಇಎಸ್-256, ಈ ಹಳೇ ಪದ್ಧತಿಗೆ ಇದ್ರಿಂದ ಅಷ್ಟೇನೂ ಏಟಿಲ್ಲ. ವೈರ್‌ಗಾರ್ಡ್ ವಿಪಿಎನ್ ನಡೆಸೋರು ಅದಕ್ಕೇ ಪ್ರೀ-ಶೇರ್ಡ್ ಕೀ (ಮುಂಚೆನೇ ಎರಡೂ ಕಡೆ ಕೊಟ್ಟಿಟ್ಟ ಕೀ) ಅನ್ನೋ ಖಾಲಿ ಜಾಗ ತುಂಬಿಡ್ತಾರೆ, ಎರಡು ಆಫೀಸಿನ ಮಧ್ಯೆ ಲಿಂಕ್ ಇದ್ರೆ ನೀವೂ ತುಂಬಿ, ಆ ಕೀನ ಮಾತ್ರ ಮೇಲ್‌ನಲ್ಲಿ ಕಳಿಸ್ಬೇಡಿ.

ಇನ್ನುಳಿದಿದ್ದು ಆಡಿಟರ ಕೇಸು, ಅತಿ ಹೆಚ್ಚು ಜನ ಕೇಳೋದೂ ಅದೇ. ಅವ್ರು ಸಿಗ್ನಲ್ ಹಾಕಲ್ಲ, ವರ್ಮ್‌ಹೋಲ್ ಅಂದ್ರೆ ಫೋನ್ ಇಡ್ತಾರೆ, ಅವ್ರ ಆಫೀಸಲ್ಲಿ ಮೂರು ಜನ ಅದೇ ಮೇಲ್ ತೆರೀತಾರೆ. ಹಂಗಾಗಿ 7ಝಡ್ ಫೈಲು, ಆರು ಪದದ ಪಾಸ್‌ವರ್ಡು, ಅವ್ರ ಟೇಬಲ್ ಮುಂದೆ ಕೂತು ಚೀಟಿಲಿ ಬರೆದು ಕೊಡೋದು. 7-ಜಿಪ್ ಅವ್ರ ಕಂಪ್ಯೂಟರಲ್ಲಿ ಇಲ್ಲ ಅಂದ್ರೆ ಅವತ್ತೇ ಹಾಕಿಸಿ ಒಂದು ಫೈಲ್ ತೆರೆಸಿ ನೋಡಿ. ಚೀಟಿನ ಮಾನಿಟರ್‌ಗೆ ಅಂಟಿಸ್ತಾರೆ, ಅದೂ ಗೊತ್ತು, ಆದ್ರೂ ಮೇಲ್ ಹ್ಯಾಕ್ ಮಾಡೋನು ಅವ್ರ ಮಾನಿಟರ್ ನೋಡೋಕೆ ಬರಲ್ಲ.